ಹನ್ನೆರಡು ಹಾರಾಟಗಳ ಸರಾಸರಿ

ನಮ್ಮೂರಿನಿಂದ ಆಚೆ ಊರಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಕೇಳಿದರೆ ನಮ್ಮಲ್ಲಿ ಯಾರೂ ನೆಟ್ಟಗೆ ಉತ್ತರ ಕೊಡುವುದಿಲ್ಲ. "ಜೊತೆಗೆ ಯಾರ್ಯಾರು ಬರ್ತಿದಾರೆ?" ಎಂದು ತಿರುಗಿ ಕೇಳುತ್ತಾರೆ. ನಮ್ಮ ವಿಮಾನದೊಳಗೆ ಮಾತು ಕಳೆಗಟ್ಟಿದರೆ ದೂರ ಕಡಿಮೆಯಾಗುತ್ತದೆ, ಸಪ್ಪೆಯಾದರೆ ದೂರ ಇದ್ದಲ್ಲೇ ಇರುತ್ತದೆ. ಪೈಲಟ್ಟಿನ ಕೋಣೆಯ ಬಾಗಿಲ ಮೇಲೆ ಗೋಡೆ ಗಡಿಯಾರದಷ್ಟು ದೊಡ್ಡದೊಂದು ಮುಳ್ಳಿನ ತಟ್ಟೆಯಿದೆ. ಅದರಲ್ಲಿ ಅಂಕಿಗಳಿಲ್ಲ. ಎಡಗಡೆ 'ದೂರ' ಎಂದೂ ಬಲಗಡೆ 'ಬಂತು' ಎಂದೂ ಬರೆದಿದೆ, ಅಷ್ಟೆ. ಯಾರಾದರೂ ಒಳ್ಳೆಯ ಸುದ್ದಿಯೊಂದನ್ನು ಬಿಚ್ಚಿದರೆ ಮುಳ್ಳು ಬಲಕ್ಕೆ ಒಂದು ನೆಗೆತ ನೆಗೆಯುತ್ತದೆ. ಎಲ್ಲರೂ ಒಟ್ಟಿಗೆ ನಕ್ಕರಂತೂ, ಆಗಷ್ಟೇ ಸಮುದ್ರ ಕಾಣುತ್ತಿದ್ದ ಕಿಟಕಿಯಲ್ಲಿ ಆಚೆ ಊರಿನ ನೀರಿನ ಟ್ಯಾಂಕು ಬಂದು ನಿಂತಿರುತ್ತದೆ.

ನಾನು ಇಂದುಮುಖಿ. ಊರವರಿಗೆಲ್ಲ ಇಂದಕ್ಕ. ವಿಮಾನ ಕಂಪನಿಯಲ್ಲಿ ಹದಿನಾರು ವರ್ಷದಿಂದ ಮಾತುಗಾರ್ತಿ. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಅರವತ್ತು ಜನರ ಜೊತೆ ಹೊರಟು, ಮಾತಾಡುತ್ತಾ ಆಚೆ ಊರು ಮುಟ್ಟಿಸಿ, ಅಲ್ಲಿಂದ ಇನ್ನರವತ್ತು ಜನರ ಜೊತೆ ಮಾತಾಡುತ್ತಾ ವಾಪಸು ಬರುವುದು ನನ್ನ ಕೆಲಸ. ಬಾಯಿ ನನಗೆ ಹುಟ್ಟಿನಿಂದಲೇ ಬಂದದ್ದು. ನನ್ನನ್ನು ನೋಡಲು ಮೂರು ಗಂಡುಗಳು ಬಂದಿದ್ದವು. ಅವ್ವ ಉಪ್ಪಿಟ್ಟು ತರುವಷ್ಟರಲ್ಲಿ ಅವರವರ ಮನೆತನದ ಪುರಾಣವನ್ನೆಲ್ಲ ನಾನೇ ಅವರಿಗೆ ಹೇಳಿ ಮುಗಿಸಿದ್ದೆ. ಮೂರೂ ಜನ ಉಪ್ಪಿಟ್ಟು ತಿನ್ನದೆ ಎದ್ದುಹೋದರು. ಉಪ್ಪಿಟ್ಟನ್ನು ನಾನೇ ತಿಂದೆ, ಮೂರು ಸಲವೂ. ಹೀಗೆ ನನಗೆ ನಲವತ್ತೊಂದು ತುಂಬಿತ್ತು, ಅದರ ಬಗ್ಗೆ ನನಗೇನೂ ಬೇಜಾರಿರಲಿಲ್ಲ, ಅಥವಾ ಇಲ್ಲ ಎಂದು ಎಲ್ಲರಿಗೂ ಚೆನ್ನಾಗಿ ಹೇಳುತ್ತಿದ್ದೆ.

ಹೊರಗಿನವರಿಗೆ ನಮ್ಮೂರು ಮೂಗರ ಊರಿನ ಹಾಗೆ ಕಾಣುತ್ತದಂತೆ. ಕಾರಣ ಇಷ್ಟೇ, ನಾವು ಒಳ್ಳೆಯ ಮಾತನ್ನು ನೆಲದ ಮೇಲೆ ಆಡುವುದಿಲ್ಲ. ಒಮ್ಮೆ ಆಡಿದ ಸುದ್ದಿ ಹಳಸುತ್ತದೆ, ಹಳಸಿದ ಸುದ್ದಿಗೆ ಮುಳ್ಳು ಅಲುಗುವುದಿಲ್ಲ. ಸಂತೆಯಲ್ಲಿ ಯಾರಾದರೂ "ಗೊತ್ತಾಯ್ತೇನ್ರೀ, ಆ ಮೂಲೆ ಮನೆಯವಳು..." ಎಂದು ಬಾಯಿ ತೆರೆದರೆ ಪಕ್ಕದವಳು ತಕ್ಷಣ ತುಟಿಯ ಮೇಲೆ ಬೆರಳಿಟ್ಟು "ಶ್, ಕೆಳಗೆ ಬೇಡ, ಮೇಲೆ" ಎನ್ನುತ್ತಾಳೆ. ಆದ್ದರಿಂದ ನೆಲದ ಮೇಲೆ ಬದನೆಕಾಯಿ, ನಲ್ಲಿ ನೀರು, ಮಂಡಿನೋವು, ಇಷ್ಟರಲ್ಲೇ ನಮ್ಮ ಬದುಕು. ಹೊಟ್ಟೆಯಲ್ಲಿ ಮಾತು ನಿಲ್ಲದವರು ಟಿಕೆಟ್ ತೆಗೆದುಕೊಂಡು ಆಚೆ ಊರಿಗೆ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದೆ, ಅದೇ ವಿಮಾನದಲ್ಲಿ ವಾಪಸು ಬರುತ್ತಾರೆ.

ಟಿಕೆಟ್ ಕೌಂಟರಿನಲ್ಲಿ ರುಖಿಯಾ ಕೂತಿರುತ್ತಾಳೆ. ಸಾಮಾನಿನ ತೂಕ ನೋಡಿದ ಮೇಲೆ "ಏನ್ ತಂದಿದೀರಿ?" ಎಂದು ಕೇಳುತ್ತಾಳೆ. ಪ್ರಯಾಣಿಕ ಅವಳ ಕಿವಿಯಲ್ಲಿ ಕಥೆಯ ಮೊದಲ ಸಾಲನ್ನು ಮಾತ್ರ ಪಿಸುಗುಡಬೇಕು. ಅವಳ ಹುಬ್ಬು ಏರಿದರೆ ಮುಂದಿನ ಸೀಟು. "ಇದು ಹೋದ ವರ್ಷದ್ದಲ್ವಾ?" ಎಂದರೆ ಹಿಂದೆ, ಬಚ್ಚಲಿನ ಪಕ್ಕ. ಹೊರಗೆ ಇಂಧನ ಹಾಕುವ ದ್ಯಾಮಣ್ಣ ಪೈಪು ಹಿಡಿದು ನಿಂತಿರುತ್ತಾನೆ. "ಇವತ್ತು ಬಾಯಿ ಯಾರ್ದು?" ಎಂದು ಕೂಗಿ ಕೇಳುತ್ತಾನೆ. ನಾನು "ನಂದೇ" ಅಂದರೆ, "ಗಂಟ್ಲು ಹೆಂಗೈತೆ?" "ಚೆನ್ನಾಗಿದೆ ಕಣಣ್ಣ." "ಹಂಗಾರೆ ಅರ್ಧ ಟ್ಯಾಂಕು ಸಾಕು ಬುಡಿ." ನನಗೆ ನೆಗಡಿಯಾದ ದಿನ ಅವನ ಮುಖ ನೋಡಬೇಕು, ಮನೆಯಲ್ಲಿ ಯಾರೋ ಹೋದವರ ಹಾಗೆ ಇರುತ್ತದೆ.

ಇಂಥ ಊರಿಗೆ ಒಂದು ಸೋಮವಾರ ನೇಮಿರಾಜರು ಬಂದರು. ಆಚೆ ಊರಿನಲ್ಲಿ ದೂರಗಳನ್ನೆಲ್ಲ ದಾಖಲೆ ಮಾಡುವ ದೊಡ್ಡ ಕಚೇರಿಯೊಂದಿದೆ, ಅಲ್ಲಿಯ ಅಳತೆಗಾರರು. ಯಾವ ವಿಮಾನ ನಿಲ್ದಾಣದಿಂದ ಯಾವ ವಿಮಾನ ನಿಲ್ದಾಣಕ್ಕೆ ಎಷ್ಟು ಮೈಲಿ, ಎಷ್ಟು ಹೊತ್ತು ಎಂಬ ದಪ್ಪ ಪುಸ್ತಕದಲ್ಲಿ ಎಲ್ಲ ಊರುಗಳಿಗೂ ಅಂಕಿಯಿತ್ತು, ನಮ್ಮ ಊರಿನ ಎದುರು ಮಾತ್ರ ಎರಡು ಖಾಲಿ ಮನೆ. ಹನ್ನೆರಡು ಸಲ ಹಾರಿ, ಅಳೆದು, ಸರಾಸರಿ ತೆಗೆದು ಆ ಎರಡು ಮನೆ ತುಂಬುವಂತೆ ಅವರಿಗೆ ಆದೇಶವಾಗಿತ್ತು. ಸೋಮವಾರ ಬರುವುದು, ಗುರುವಾರ ಹೋಗುವುದು, ಆರು ವಾರ. ನಲವತ್ತೈದರ ಆಸುಪಾಸಿನ ಮನುಷ್ಯ, ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಎರಡೂ ಕೈಗೆ ಒಂದೊಂದು ಗಡಿಯಾರ, ತೊಡೆಯ ಮೇಲೆ ಮೈಲಿ ಎಣಿಸುವ ಒಂದು ಪೆಟ್ಟಿಗೆ. ಟೇಪು ಹಿಡಿದು ಹಿಡಿದು ಮದುವೆಯಾಗಲು ಪುರುಸೊತ್ತಾಗಲಿಲ್ಲ ಎಂದು ಆಮೇಲೆ ಹೇಳಿದರು.

ಆ ಮೊದಲ ಹಾರಾಟದಲ್ಲಿ ಅವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ದಯವಿಟ್ಟು ಎಲ್ಲರೂ ಸುಮ್ಮನಿರಬೇಕು. ನಿಜವಾದ ದೂರ ಎಷ್ಟೂಂತ ನಾನು ಅಳೀಬೇಕು" ಎಂದರು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ನಿಜವಾದ ದೂರ ಎಂಬುದೊಂದು ಇರುತ್ತದೆ ಎಂದು ನಮಗೆ ಹೊಳೆದೇ ಇರಲಿಲ್ಲ. ಮಾತಿಲ್ಲದೆ ಆ ದಾರಿಯನ್ನು ಪೂರ್ತಿ ಹಾರಿದವರು ಯಾರೂ ಇರಲಿಲ್ಲವಲ್ಲ. ಆದರೂ ಪಾಪ, ಸರ್ಕಾರಿ ಮನುಷ್ಯ ಎಂದು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡೆವು. ಹನ್ನೊಂದು ನಿಮಿಷ. ಆಮೇಲೆ ಹಿಂದಿನ ಸೀಟಿನಿಂದ ಒಬ್ಬಾಕೆ, "ಯಾರ ಡಬ್ಬಿಯಿಂದ ನಿಂಬೆಕಾಯಿ ಉಪ್ಪಿನಕಾಯಿ ವಾಸನೆ ಬರ್ತಿರೋದು?" ಎಂದಳು. ಆ ಉಪ್ಪಿನಕಾಯಿ ಯಾರದು, ಅದನ್ನು ಹಾಕಿದ ಅತ್ತಿಗೆ ಎಂಥವಳು, ಅತ್ತಿಗೆಯ ತಮ್ಮ ಯಾಕೆ ಊರು ಬಿಟ್ಟ ಎಂದು ಶುರುವಾಯಿತು ನೋಡಿ, ಮುಳ್ಳು ಕಪ್ಪೆಯ ಹಾಗೆ ಕುಪ್ಪಳಿಸತೊಡಗಿತು. ನೇಮಿರಾಜರು ನಡುನಡುವೆ ಗದರಿದ್ದರಿಂದ ಐದು ಗಂಟೆಯಾದರೂ ಹಿಡಿಯಿತು. ಇಳಿಯುವಾಗ ನನ್ನ ಕಡೆ ನೋಡಿ, "ನಿಮ್ಮೂರಿನವರಿಗೆ ಸುಮ್ಮನಿರೋಕೆ ಬರೋದಿಲ್ವೇ?" ಎಂದರು. "ಕೆಳಗೆ ಬರುತ್ತೆ ಸ್ವಾಮಿ, ಇಳೀರಿ, ನೋಡ್ತೀರಂತೆ" ಎಂದೆ.

ಗುರುವಾರ ವಾಪಸು ಹೋಗುವಾಗ ಅವರು ಮುಂದಿನ ಸಾಲಿನಲ್ಲಿ, ನನ್ನ ಎದುರಿಗೇ ಕೂತಿದ್ದರು. ನಾನು ಅವತ್ತು ಹಲ್ಲಿನ ಸೆಟ್ಟಿನ ಕಥೆ ತೆಗೆದಿದ್ದೆ. ಮದುವೆ ಮನೆಯಲ್ಲಿ ಅಡುಗೆಯ ಮುದುಕನ ಹಲ್ಲಿನ ಸೆಟ್ಟು ಒಬ್ಬಟ್ಟಿನ ಹೂರಣಕ್ಕೆ ಬಿದ್ದುಹೋಯಿತು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಯಾರ ಬಾಯಿಗೆ ಹೋಗುತ್ತದೋ. ಮುದುಕ ಮುನ್ನೂರು ಎಲೆಗಳ ಮುಂದೆಯೂ ಬಗ್ಗಿ ಬಗ್ಗಿ, "ನಿಧಾನಕ್ಕೆ ಜಗೀರಿ, ನಿಧಾನಕ್ಕೆ ಜಗೀರಿ" ಎಂದು ಉಪಚಾರ ಮಾಡುತ್ತಾ ಹೋದ. ಕೊನೆಗೆ ಅದು ಸಿಕ್ಕಿದ್ದು ಬೀಗರ ಎಲೆಯಲ್ಲಿ. ಅವರಿಗೋ ಒಂದು ಹಲ್ಲೂ ಇರಲಿಲ್ಲ. ತೊಳೆದು ಹಾಕಿಕೊಂಡು ನೋಡಿದರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು, ಇನ್ನೆರಡು ಒಬ್ಬಟ್ಟು ಬಡಿಸಿ ಎಂದರಂತೆ. ವಿಮಾನ ಪೂರ್ತಿ ಗೊಳ್ಳೆಂದಿತು. ನೇಮಿರಾಜರು ನಗಬಾರದೆಂದು ತುಟಿ ಕಚ್ಚಿ ಹಿಡಿದಿದ್ದರು, ಆದರೆ ನಗು ಬಿಕ್ಕಳಿಕೆಯ ಹಾಗೆ ಮೂಗಿನಿಂದ ಹೊರಗೆ ಬಂತು. ಆ ಒಂದು ಬಿಕ್ಕಳಿಕೆಗೆ ಅವರ ಪೆಟ್ಟಿಗೆಯಲ್ಲಿ ನಾನೂರು ಮೈಲಿ ಮಾಯವಾಯಿತು. ಅವರು ಪೆಟ್ಟಿಗೆ ನೋಡಿ, ನನ್ನನ್ನು ನೋಡಿದರು, ನಾನು ಅವರ ಜೇಬಿಗೆ ಕೈ ಹಾಕಿದ ಹಾಗೆ. ನನಗೆ ಯಾಕೋ ಹಾಲು ಕುಡಿದಷ್ಟು ಸಂತೋಷವಾಯಿತು.

ಮುಂದಿನ ಸೋಮವಾರ ಸಂಜೆ ಸಂತೆಯಲ್ಲಿ ಸಿಕ್ಕರು. ಬದನೆಕಾಯಿ ರಾಶಿಯ ಆಚೆ ನಿಂತು, "ಇಂದುಮುಖಿಯವರೇ, ನಿಮಗೊಂದು ವಿಷಯ ಹೇಳ್ಬೇಕಂತಿದ್ದೆ, ನಮ್ಮ ಅಜ್ಜಿ ಒಂದ್ಸಲ..." ಎಂದು ಶುರುಮಾಡಿದರು. ನಾನು ಗಾಬರಿಯಾಗಿ ತುಟಿಯ ಮೇಲೆ ಬೆರಳಿಟ್ಟೆ. "ಶ್! ಕೆಳಗೆ ಹಾಳು ಮಾಡ್ಬೇಡಿ. ಮೇಲೆ ಹೇಳಿ." ಅವರು ಅಳತೆಯ ಮನುಷ್ಯ, ನಿಯಮ ಎಂದರೆ ಪ್ರಾಣ. ತಲೆಯಾಡಿಸಿ, ಅರ್ಧ ಕಿಲೋ ಬದನೆಕಾಯಿ ಕೊಂಡು ಹೊರಟುಹೋದರು. ಅತಿಥಿಗೃಹದಲ್ಲಿ ಬದನೆಕಾಯಿಯನ್ನು ಏನು ಮಾಡಿದರೋ ದೇವರಿಗೇ ಗೊತ್ತು.

ಗುರುವಾರ ಮೇಲೆ ಹೇಳಿದರು. ಅವರು ಚಿಕ್ಕವರಿದ್ದಾಗ ಅಜ್ಜಿ ಪ್ರತಿ ಹುಟ್ಟುಹಬ್ಬಕ್ಕೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ತಲೆಯ ಮಟ್ಟಕ್ಕೆ ಇದ್ದಿಲಿನ ಗೆರೆ ಹಾಕುತ್ತಿದ್ದಳಂತೆ. ಒಂದು ವರ್ಷ ಗೆರೆ ಹಿಂದಿನ ವರ್ಷದ್ದಕ್ಕಿಂತ ಕೆಳಗೆ ಬಂತು. ಮಗು ಕುಗ್ಗುತ್ತಿದೆ ಎಂದು ಮನೆಯಲ್ಲಿ ಹಾಹಾಕಾರ. ತುಪ್ಪ ಕುಡಿಸಿದರು, ಬಾವಿಯ ತೊಲೆಗೆ ಜೋತುಬಿಟ್ಟರು, ಮೂರು ವೈದ್ಯರು ಬಂದರು. ಕೊನೆಗೆ ಆರು ವರ್ಷದ ನೇಮಿರಾಜನೇ ಟೇಪು ಹಿಡಿದು ಅಳೆದು, ಬೇಸಿಗೆಯಲ್ಲಿ ಹಳೆಯ ಹಾಸುಗಲ್ಲು ಕಿತ್ತು ನೆಲವನ್ನೇ ತಗ್ಗಿಸಿದ್ದಾರೆ ಎಂದು ತೋರಿಸಿದ. "ಅವತ್ತೇ ನಿರ್ಧಾರ ಮಾಡಿದೆ ನೋಡಿ, ಇನ್ನು ಯಾರ ಮಾತೂ ನಂಬೋದಿಲ್ಲ, ನಾನೇ ಅಳೀತೀನಿ ಅಂತ" ಎಂದರು. ಆ ಮುಖದಲ್ಲಿ ಆರು ವರ್ಷದ ಗಾಂಭೀರ್ಯ ಇನ್ನೂ ಇತ್ತು. ನಾನು ನಕ್ಕ ನಗುವಿಗೆ ವಿಮಾನ ಎರಡು ಗಂಟೆಯೊಳಗೆ ಆಚೆ ಊರಿನಲ್ಲಿತ್ತು.

ಆಮೇಲೆ ನಮ್ಮಿಬ್ಬರನ್ನು ಹಿಡಿಯುವವರೇ ಇರಲಿಲ್ಲ. ನಾನು ಒಂದು ಹೇಳಿದರೆ ಅವರು ಒಂದು. ಐದನೇ ಹಾರಾಟ ಒಂದು ಗಂಟೆ ಹತ್ತು ನಿಮಿಷ. ಏಳನೆಯದು ಮೂವತ್ತೊಂದು ನಿಮಿಷ. ಒಂಬತ್ತನೆಯದು ಹನ್ನೆರಡು. ಕಾಫಿ ಕೊಡುವ ಹುಡುಗಿ ಲೋಟ ಜೋಡಿಸುವಷ್ಟರಲ್ಲಿ ಇಳಿಯುವ ಹೊತ್ತಾಗುತ್ತಿತ್ತು. ನಮ್ಮ ಪೈಲಟ್ಟು ಕ್ಯಾಪ್ಟನ್ ಸಿಕ್ವೇರಾ ಮಿತಭಾಷಿ, ಹದಿನಾರು ವರ್ಷದಲ್ಲಿ ಧ್ವನಿವರ್ಧಕದಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡಿದವರಲ್ಲ. ಅವರೇ ಒಂದು ದಿನ, "ಇಂದಕ್ಕಾ, ಸ್ವಲ್ಪ ಮೆಲ್ಲ ಮಾರಾಯ್ತಿ. ಚಕ್ರ ಬಿಡ್ಲಿಕ್ಕೂ ಪುರುಸೊತ್ತು ಸಿಗುದಿಲ್ಲ" ಎಂದರು. ದ್ಯಾಮಣ್ಣ ಪೈಪು ಬಿಟ್ಟು ಕೊಡದಲ್ಲಿ ಇಂಧನ ತರತೊಡಗಿದ. ಸೋಮವಾರ, ಗುರುವಾರದ ಟಿಕೆಟ್ಟಿಗೆ ನೂಕುನುಗ್ಗಲು. ಊರಿಗೆ ಊರೇ ನಮ್ಮನ್ನು ನೋಡಿ ಕಣ್ಣಲ್ಲೇ ನಗುತ್ತಿತ್ತು. ಆದರೆ ನೆಲದ ಮೇಲೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಮೇಲಕ್ಕೆಂದು ಕೂಡಿಟ್ಟುಕೊಳ್ಳುತ್ತಿದ್ದರು.

ಎಲ್ಲರಿಗೂ ಖುಷಿ, ನಮ್ಮಿಬ್ಬರಿಗೆ ಮಾತ್ರ ಹೊಸ ಸಂಕಟ. ಹತ್ತನೇ ಹಾರಾಟದಲ್ಲಿ ನೇಮಿರಾಜರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಇಂದುಮುಖಿಯವರೇ, ನಾನು ಬಹಳ ದಿನದಿಂದ ಒಂದು ಮಾತು..." ಎಂದರು. ಅಷ್ಟು ಹೊತ್ತಿಗೆ ಚಕ್ರ ನೆಲಕ್ಕೆ ಬಡಿದು ಧಡಾರೆಂದಿತು. ಒಂಬತ್ತು ನಿಮಿಷ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರು ಇಳಿಯಬೇಕು, ನಾನು ಇಳಿಯುವಂತಿಲ್ಲ. ಮಾತುಗಾರ್ತಿ ಆಚೆ ಊರಿನಲ್ಲಿ ಕಾಲಿಡಬಾರದು, ಅರ್ಧ ಗಂಟೆಯಲ್ಲಿ ಅದೇ ವಿಮಾನ ಹಿಂದಿರುಗಬೇಕು ಎಂದು ಕಂಪನಿಯ ಕಟ್ಟಳೆ. ಹದಿನಾರು ವರ್ಷದಲ್ಲಿ ಆಚೆ ಊರು ಎಂದರೆ ನನಗೆ ಒಂದು ಮೆಟ್ಟಿಲು, ಒಂದು ನೀರಿನ ಟ್ಯಾಂಕು, ಒಂದು ಹಳದಿ ಗೋಡೆ.

ಇಳಿಯುವ ಮುಂಚೆ ಅವರು ತಮ್ಮ ನೋಟ್‌ಬುಕ್ಕು ತೆರೆದು ತೋರಿಸಿದರು. ಹತ್ತು ಹಾರಾಟಗಳ ಗೆರೆ ಜಾರುಬಂಡೆಯ ಹಾಗೆ ಮೇಲಿನಿಂದ ಕೆಳಕ್ಕೆ ಇಳಿದಿತ್ತು. "ಇದನ್ನ ಸಾಹೇಬರ ಮುಂದೆ ಹೆಂಗೆ ಇಡ್ಲಿ ಹೇಳಿ. ನೋಡಿದವರಿಗೆ ಯಾರಿಗಾದ್ರೂ ಗೊತ್ತಾಗುತ್ತೆ" ಎಂದರು. "ಏನು ಗೊತ್ತಾಗುತ್ತೆ?" ಎಂದೆ, ಗೊತ್ತಿದ್ದೂ. ಅವರ ಕಿವಿ ಕೆಂಪಾಯಿತು. ನನ್ನದೂ ಆಗಿರಬೇಕು, ಬಿಸಿ ಹತ್ತಿತ್ತು.

ಉಳಿದದ್ದು ಎರಡೇ ಹಾರಾಟ. ಹನ್ನೆರಡನೆಯದು ಮುಗಿದರೆ ಅವರು ಸರಾಸರಿ ಬರೆದುಕೊಟ್ಟು ಇನ್ಯಾವುದೋ ಊರಿನ ದೂರ ಅಳೆಯಲು ಹೋಗುತ್ತಾರೆ, ಮತ್ತೆ ಈ ಕಡೆ ಬರುವ ಕಾರಣವಿಲ್ಲ. ಆ ಮಾತನ್ನು ಅವರು ಹೇಳಬೇಕು, ನಾನು ಕೇಳಬೇಕು, ಅಥವಾ ನಾನೇ ಹೇಳಬೇಕು. ಅದಕ್ಕೆ ಹೊತ್ತು ಬೇಕು. ಹೊತ್ತು ಬೇಕೆಂದರೆ ವಿಮಾನ ನಿಧಾನವಾಗಬೇಕು, ವಿಮಾನ ನಿಧಾನವಾಗಬೇಕೆಂದರೆ ನಮಗೆ ಬೇಜಾರಾಗಬೇಕು. ಅಕ್ಕಪಕ್ಕ ಕೂತರೆ ನಮಗೆ ಬೇಜಾರೇ ಆಗುತ್ತಿರಲಿಲ್ಲ. ಇಂಥ ಫಜೀತಿ ಭೂಮಿಯ ಮೇಲೆ ಯಾರಿಗಾದರೂ ಬಂದಿದೆಯೇ ಎಂದು ಯೋಚಿಸುತ್ತಾ ನಾನು ಮೂರು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ.

ಹನ್ನೊಂದನೇ ಹಾರಾಟಕ್ಕೆ ಅವರೇ ಉಪಾಯ ಹುಡುಕಿಕೊಂಡು ಬಂದಿದ್ದರು, ಅವರ ಇಲಾಖೆಯ ನಿಯಮಾವಳಿ. ಪ್ರಪಂಚದಲ್ಲೇ ಅದಕ್ಕಿಂತ ನೀರಸವಾದ ಪುಸ್ತಕವಿಲ್ಲವಂತೆ. "ಮೊದಲು ಇದನ್ನ ಓದ್ತೀನಿ. ಎಲ್ಲಾರಿಗೂ ಚೆನ್ನಾಗಿ ಬೇಜಾರಾದ ಮೇಲೆ ನಡುವೆ ಆ ಮಾತು ಹೇಳಿಬಿಡ್ತೀನಿ" ಎಂದು ಪಿಸುಗುಟ್ಟಿದರು. ಓದಿದರು. ಒಂದು, ಎರಡು, ಮೂರು. ಮುಳ್ಳು ಅಲ್ಲಾಡಲಿಲ್ಲ. ಜನ ಆಕಳಿಸಿದರು. ನನಗೆ ಆಸೆ ಹುಟ್ಟಿತು. "ಉಪನಿಯಮ ಹದಿನಾಲ್ಕು. ಅಳತೆಗಾರನು ತಾನು ಅಳೆಯುವ ವಸ್ತುವಿನ ಮೇಲೆ ಕುಳಿತುಕೊಳ್ಳತಕ್ಕದ್ದಲ್ಲ." ಓದಿ ಅವರು ತಡೆದರು. ಮೆಲ್ಲಗೆ ಬಗ್ಗಿ ತಾವು ಕೂತ ಸೀಟನ್ನು ನೋಡಿಕೊಂಡರು. ಅಷ್ಟೇ ಸಾಕಾಯಿತು ನನಗೆ. ನಗು ಒತ್ತಿ ಹಿಡಿಯಲು ಸೆರಗು ಬಾಯಿಗೆ ತುರುಕಿಕೊಂಡೆ, ಅದನ್ನು ನೋಡಿ ಅವರು ನಕ್ಕರು, ಅವರನ್ನು ನೋಡಿ ಅರವತ್ತು ಜನ. ಆರು ನಿಮಿಷ. ಕೆಳಗೆ ದ್ಯಾಮಣ್ಣ ಇನ್ನೂ ಬೀಡಿಯನ್ನೇ ಹಚ್ಚಿರಲಿಲ್ಲ.

ಗುರುವಾರದ ಹನ್ನೆರಡನೆಯದಕ್ಕೆ ನಾನು ರುಖಿಯಾಳ ಕೈ ಹಿಡಿದುಕೊಂಡೆ. "ಇವತ್ತು ಹಳಸಲು ಕಥೆಯವರನ್ನೆಲ್ಲ ಮುಂದಕ್ಕೆ ಹಾಕೇ. ನನಗೆ ಹೊತ್ತು ಬೇಕು." ಅವಳು ಯಾಕೆ ಎಂದು ಕೇಳಲಿಲ್ಲ. ಮಂಡಿನೋವಿನವರನ್ನೂ ನಲ್ಲಿ ನೀರಿನವರನ್ನೂ ಆರಿಸಿ ಆರಿಸಿ ಮುಂದಿನ ಮೂರು ಸಾಲು ತುಂಬಿದಳು. ನಾನು ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ಹಲ್ಲು ಕಚ್ಚಿ ಕೂತೆ. ನೇಮಿರಾಜರು ಎದುರಿಗೆ ಕೂತು ಎರಡು ಗಡಿಯಾರಗಳನ್ನೇ ನೋಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಒಪ್ಪಂದ. ಒಂದು ನಿಮಿಷ, ಎರಡು ನಿಮಿಷ. ವಿಮಾನ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಇಂಜಿನ್ನಿನ ಸದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಇನ್ನೇನು ಅವರು ಬಾಯಿ ತೆರೆಯಬೇಕು, ಅವರ ಹೊಟ್ಟೆ ಗುರ್‌ರ್‌ರ್ ಎಂದು ಉದ್ದಕ್ಕೆ ರಾಗ ಎಳೆಯಿತು. ಮುಂದಿನ ಸಾಲಿನ ಮಂಡಿನೋವಿನ ಅಜ್ಜಿ, "ಪಾಪ, ಹುಡುಗ ಏನೂ ತಿಂದೇ ಇಲ್ವೇನೋ. ಪ್ರೀತಿ ಮಾಡೋರೂ ಉಪ್ಪಿಟ್ಟು ತಿನ್ಬೇಕಪ್ಪಾ" ಎಂದಳು. ಆಮೇಲೆ ನಾನೇನು ಹೇಳಲಿ. ನಕ್ಕು ನಕ್ಕು ಏಲಕ್ಕಿ ನುಂಗಿಬಿಟ್ಟೆ. ನಾಲ್ಕು ನಿಮಿಷ! ಊರಿನ ಚರಿತ್ರೆಯಲ್ಲೇ ಅಷ್ಟು ಬೇಗ ಯಾರೂ ಹೋದದ್ದಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು, ಅದು ನಗುವಿನದ್ದಲ್ಲ.

ಬಾಗಿಲು ತೆರೆಯಿತು. ನೇಮಿರಾಜರು ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದರು. ಕೆಳಗೆ ನಿಂತು, ತಿರುಗಿ, ನನ್ನ ಕಡೆ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಥಟ್ಟನೆ ನೆನಪಾದ ಹಾಗೆ ತುಟಿಯ ಮೇಲೆ ಬೆರಳಿಟ್ಟುಕೊಂಡರು. ಕೆಳಗೆ ಬೇಡ, ಮೇಲೆ. ತಲೆಯಾಡಿಸಿ ಹಳದಿ ಗೋಡೆಯ ಕಡೆ ನಡೆದರು.

ಮೇಲೆ! ಇನ್ನೆಲ್ಲಿಯ ಮೇಲೆ? ಹದಿಮೂರನೇ ಹಾರಾಟವೇ ಇಲ್ಲವಲ್ಲ. ಆಗ ನನ್ನ ತಲೆಗೆ ಹೊಳೆಯಿತು ನೋಡಿ. ಆರು ವಾರ, ವಾರಕ್ಕೆ ಮೂರು ಮೂರು ದಿನ ಆ ಮನುಷ್ಯ ನಮ್ಮೂರಿನಲ್ಲೇ ಇದ್ದರು. ನಮ್ಮ ಮನೆಯಿಂದ ಅತಿಥಿಗೃಹಕ್ಕೆ ಎರಡು ಬೀದಿ. ಸಂತೆಯಲ್ಲಿ ಸಿಕ್ಕರು, ಅಂಚೆ ಕಚೇರಿಯಲ್ಲಿ ಸಿಕ್ಕರು, ಒಮ್ಮೆ ನಮ್ಮ ಜಗಲಿಯ ಮುಂದೆಯೇ ಮಳೆ ನಿಲ್ಲುವವರೆಗೆ ನಿಂತಿದ್ದರು. ಪ್ರತಿ ಸಲವೂ ನಾನೇ ಶ್ ಎಂದು ಬಾಯಿ ಮುಚ್ಚಿಸಿದ್ದೆ, ಒಳ್ಳೆಯ ಮಾತು ಹಳಸಬಾರದೆಂದು. ಅಯ್ಯೋ ನನ್ನ ಬುದ್ಧಿಗಿಷ್ಟು! ನೆಲದ ಮೇಲೆ ಹೊತ್ತು ಎಂಬುದು ಬೇಕಾದಷ್ಟು ಬಿದ್ದಿತ್ತು, ನಾನು ಅದನ್ನು ಬದನೆಕಾಯಿಗೆ ಕೊಟ್ಟಿದ್ದೆ.

ನಾನು ಇಳಿದೆ. ಕಂಪನಿಯ ಕಟ್ಟಳೆ ಹಾಳಾಗಿ ಹೋಗಲಿ ಎಂದು ಧಡಧಡ ಮೆಟ್ಟಿಲಿಳಿದು, "ನೇಮಿರಾಜರೇ, ನಿಲ್ಲಿ! ಒಂದು ಮಾತು ಹೇಳ್ಬೇಕು!" ಎಂದು ಕೂಗಿದೆ. ಗಾಳಿ ಆ ಕಡೆಯದು, ಅವರಿಗೆ ಕೇಳಿಸಲಿಲ್ಲ. ಹದಿನಾರು ವರ್ಷದ ಅಭ್ಯಾಸ ನೋಡಿ, ನಾಲ್ಕು ಮಾತಾಡಿದರೆ ಅವರು ತಾವಾಗಿಯೇ ಹತ್ತಿರ ಬಂದುಬಿಡುತ್ತಾರೆ ಎಂದುಕೊಂಡು ನಿಂತಲ್ಲೇ ಮಾತಾಡತೊಡಗಿದೆ. ಅಜ್ಜಿಯ ಇದ್ದಿಲಿನ ಗೆರೆ ಅಂದೆ, ಹಲ್ಲಿನ ಸೆಟ್ಟು ಅಂದೆ. ಅವರು ಒಂದು ಗೇಣೂ ಹತ್ತಿರವಾಗಲಿಲ್ಲ, ನಡೆಯುತ್ತಲೇ ಇದ್ದರು. ನೆಲದ ದೂರ ಬಾಯಿಗೆ ಬಗ್ಗುವುದಿಲ್ಲ, ಕಾಲಿಗೇ ಬಗ್ಗಬೇಕು. ಸೀರೆ ಎತ್ತಿ ಹಿಡಿದು ಓಡಿದೆ. ಮುನ್ನೂರು ಹೆಜ್ಜೆ. ಎಂಥ ಉದ್ದ ಇರುತ್ತದೆ ಮಾರಾಯರೇ ಮುನ್ನೂರು ಹೆಜ್ಜೆ! ಒಂದು ಚಪ್ಪಲಿ ಎಲ್ಲೋ ಕಳಚಿಹೋಯಿತು. ಹಳದಿ ಗೋಡೆಯ ಹತ್ತಿರ ಅವರ ಅಂಗಿಯ ತೋಳು ಹಿಡಿದಾಗ ನನಗೆ ಉಸಿರೇ ಇರಲಿಲ್ಲ. ಜನ್ಮದಲ್ಲಿ ಮೊದಲ ಸಲ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಅವರು ಗಾಬರಿಯಾಗಿ ನನ್ನನ್ನೂ ನನ್ನ ಒಂದು ಬರಿಗಾಲನ್ನೂ ನೋಡಿದರು. "ಇಂದುಮುಖಿಯವರೇ, ನೀವು... ಕೆಳಗೆ?" "ಹೂಂ. ಕೆಳಗೇ." ಮತ್ತೆ ಉಸಿರು. "ಮೇಲೆ ಆಗಲ್ಲ ಕಣ್ರೀ ನಮ್ಮ ಕೈಲಿ." ಮತ್ತೆ ಉಸಿರು. ಅವರು ಕಾದರು. ಕಾಯುವುದಕ್ಕೆ ಹೊತ್ತಿತ್ತು. ನೀರಿನ ಟ್ಯಾಂಕು ಇದ್ದಲ್ಲೇ ಇತ್ತು, ಯಾವ ಚಕ್ರವೂ ಎಲ್ಲಿಗೂ ಬಡಿಯಲಿಲ್ಲ. ನಾನು ಹೇಳಿದೆ, "ನೇಮಿರಾಜರೇ, ನನ್ನ ಜೊತೆ ನಿಮಗೆ ಬೇಜಾರಾಗೋಷ್ಟು ಕಾಲ ಇರ್ತೀರಾ?"

ಅವರು ಎಡಗೈ ಗಡಿಯಾರ ನೋಡಿಕೊಂಡರು. ಬಲಗೈ ಗಡಿಯಾರ ನೋಡಿಕೊಂಡರು. ಆಮೇಲೆ ಎರಡನ್ನೂ ಬಿಚ್ಚಿ ಜೇಬಿಗೆ ಹಾಕಿದರು. "ಎಷ್ಟು ಕಾಲ ಬೇಕಾಗುತ್ತೋ ನಂಗೂ ಗೊತ್ತಿಲ್ಲ. ಇದ್ದು ನೋಡೋಣ" ಎಂದರು. ನಗಲಿಲ್ಲ. ನಾನೂ ನಗಲಿಲ್ಲ. ಅವರು ಹೋಗಿ ನನ್ನ ಚಪ್ಪಲಿ ಹುಡುಕಿ ತಂದರು.

ವಾಪಸು ಹತ್ತುವಾಗ ಕಿಟಕಿ ಕಿಟಕಿಗೂ ಮುಖಗಳು ಅಂಟಿಕೊಂಡಿದ್ದವು. ಹಳಸಲು ಕಥೆಯವರು ಒಬ್ಬರೂ ಇಳಿದಿರಲಿಲ್ಲ, ಅಲ್ಲೇ ಕೂತು ಹಿಂದಿರುಗಲು ಟಿಕೆಟ್ ಮಾಡಿಸಿದ್ದರು. ಕ್ಯಾಪ್ಟನ್ ಸಿಕ್ವೇರಾ ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿದರು, ನೇಮಿರಾಜರ ಮುಖ ನೋಡಿದರು. ಕೆಳಗಿದ್ದ ಇಂಧನದವನಿಗೆ, "ಇವತ್ತು ಈ ಹೆಂಗಸು ಮಾತಾಡುವ ಹಾಗೆ ಕಾಣುದಿಲ್ಲ. ಬಾಯಿಯವರೆಗೆ ತುಂಬಿಸು ಮಾರಾಯ" ಎಂದರು. ಹದಿನಾರು ವರ್ಷ ಹಾರಿಸಿದ ಮನುಷ್ಯ, ಸುಮ್ಮನೆ ಅಲ್ಲ.

ನಾವಿಬ್ಬರೂ ಮುಂದಿನ ಸಾಲಿನಲ್ಲಿ ಪಕ್ಕಪಕ್ಕ ಕೂತೆವು. ಅವರು ನನ್ನ ಕೈ ಹಿಡಿದುಕೊಂಡರು. ನನಗೆ ಏನೂ ಹೇಳಬೇಕೆನ್ನಿಸಲಿಲ್ಲ. ಅವರಿಗೂ ಅನ್ನಿಸಲಿಲ್ಲ. ಹಿಂದೆ ಕೂತ ಅರವತ್ತು ಜನ ಉಸಿರು ಬಿಗಿಹಿಡಿದು, ನಾವು ಏನಾದರೂ ಆಡುತ್ತೇವೆಂದು ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಒಂದು ಪದ ತಪ್ಪಿಹೋದೀತೆಂದು ಯಾರೂ ಕೆಮ್ಮಲಿಲ್ಲ ಕೂಡ. ಗಂಟೆ ಕಳೆಯಿತು, ಎರಡು ಕಳೆಯಿತು. ಮುಳ್ಳು ಇರುವೆಯ ಹಾಗೆ ಹರಿಯಿತು. ಕೆಳಗೆ ಸಮುದ್ರ ಮುಗಿದು ಮರಳು ಬಂತು, ಮರಳು ಮುಗಿದು ಹಿಮದ ಬೆಟ್ಟ ಬಂತು, ಬೆಟ್ಟದಾಚೆ ಇನ್ನೊಂದು ಸಮುದ್ರ. ನಮ್ಮ ದಾರಿಯಲ್ಲಿ ಇಷ್ಟೆಲ್ಲ ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಂಡಿನೋವಿನ ಅಜ್ಜಿ ಚಿತ್ರಾನ್ನದ ಡಬ್ಬಿ ತೆಗೆದು ಸನ್ನೆಯಲ್ಲೇ ಎಲ್ಲರಿಗೂ ಹಂಚಿದಳು. ಬೆಳಕು ಹೋಗಿ ಮತ್ತೆ ಬೆಳಕು ಬಂತು. ನಾನು ಅವರ ಭುಜಕ್ಕೆ ಒರಗಿ ಒಂದು ನಿದ್ದೆಯನ್ನೂ ತೆಗೆದೆ.

ಇಳಿದಾಗ ದ್ಯಾಮಣ್ಣ, ರುಖಿಯಾ, ಅರ್ಧ ಊರು ವಿಮಾನ ಬಿದ್ದೇಹೋಯಿತೆಂದು ಅಳುತ್ತಾ ನಿಂತಿತ್ತು. ನೇಮಿರಾಜರು ಜೇಬಿನಿಂದ ಗಡಿಯಾರ ತೆಗೆದರು, ಪೆಟ್ಟಿಗೆ ನೋಡಿದರು, ಹನ್ನೆರಡು ಹಾರಾಟಗಳ ಜಾರುಬಂಡೆಯ ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಕಚೇರಿಗೆ ಬೇರೊಂದು ಹಾಳೆಯಲ್ಲಿ ಒಂದೇ ಸಾಲು ಬರೆದು ಕಳಿಸಿದರು, ಜೊತೆಗೆ ರಾಜೀನಾಮೆ. ದೂರ ಎಂಟು ಸಾವಿರದ ನಾನೂರ ಮೂವತ್ತು ಮೈಲಿ, ಪ್ರಯಾಣದ ಅವಧಿ ಹತ್ತೊಂಬತ್ತು ಗಂಟೆ ಹತ್ತು ನಿಮಿಷ.

ಈಗಲೂ ಆ ದಪ್ಪ ಪುಸ್ತಕದಲ್ಲಿ ಅದೇ ಅಂಕಿಯಿದೆ. ಅದನ್ನು ನಂಬಿ ಹೊಸಬರು ಎರಡೆರಡು ದಿಂಬು, ನಾಲ್ಕು ಊಟ, ನಿದ್ದೆ ಮಾತ್ರೆ ಎಲ್ಲ ಹಿಡಿದುಕೊಂಡು ವಿಮಾನ ಹತ್ತುತ್ತಾರೆ. ಅರ್ಧ ಗಂಟೆಯಲ್ಲಿ ಇಳಿಸಿದರೆ, ಮೋಸ, ಪುಸ್ತಕದಲ್ಲಿ ಏನಿದೆ ನೋಡಿ ಎಂದು ನನ್ನ ಮೇಲೆ ರೇಗುತ್ತಾರೆ. ರುಖಿಯಾಗೆ ಇವರ ಜೊತೆ ವಾದ ಮಾಡಿ ಸಾಕಾಗಿದೆ. "ತಿದ್ದಿಸಿಬಿಡು ಇಂದಕ್ಕಾ, ನಿನ್ನ ಗಂಡ ಬರೆದದ್ದೇ ಅಲ್ವಾ" ಎನ್ನುತ್ತಾಳೆ. ಆಗುವುದಿಲ್ಲ ಎನ್ನುತ್ತೇನೆ. ತಪ್ಪಿದ್ದರೆ ತಿದ್ದಿಸಬಹುದಿತ್ತು. ದಾರಿ ಅಷ್ಟೇ ಇದೆ, ನಾವಿಬ್ಬರೂ ಒಂದು ಮೈಲಿಯನ್ನೂ ಬಿಡದೆ ಬಂದಿದ್ದೇವೆ.